ಮುಖಪುಟ ಇಲ್ಲದ ಒಂದು ವಿಚಿತ್ರ ಫ್ಯಾಷನ್ ಪತ್ರಿಕೆ ಸಿಕ್ಕಿದೆ, ಕೆಳಗಿಡಲು ಆಗುತ್ತಿಲ್ಲ

ಚುಕ್ಕಿಗೆರೆ
ಪರಿಚಯದವರೊಬ್ಬರು ಮನೆ ಬದಲಾಯಿಸುವಾಗ ಒಂದು ಪೆಟ್ಟಿಗೆ ಹಳೇ ಪತ್ರಿಕೆ ಕೊಟ್ಟರು. ಬೇಕಾದ್ದು ಇಟ್ಟುಕೋ, ಉಳಿದದ್ದು ರದ್ದಿಗೆ ಹಾಕು ಅಂದರು. ಮುಕ್ಕಾಲು ಪಾಲು ಮಾಮೂಲಿ ಇಂಗ್ಲಿಷ್ ಫ್ಯಾಷನ್ ಪತ್ರಿಕೆಗಳು. ನುಣುಪಾದ ಹಾಳೆ, ಅದಕ್ಕಿಂತ ನುಣುಪಾದ ಮುಖಗಳು, ಎರಡು ಪುಟಕ್ಕೊಂದು ವಾಚು ಇಲ್ಲಾ ಸೆಂಟಿನ ಜಾಹೀರಾತು. ಅರ್ಧ ಗಂಟೆಯಲ್ಲಿ ಎಲ್ಲಾ ರದ್ದಿ ಕಡೆಗೆ ಹೋದವು.

ತಳದಲ್ಲಿ ಇನ್ನೊಂದು ಸಿಕ್ಕಿತು. ಮುಖಪುಟ ಕಿತ್ತುಹೋಗಿದೆ. ಹೆಸರು ಗೊತ್ತಿಲ್ಲ, ವರ್ಷ ಗೊತ್ತಿಲ್ಲ. ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಗೆ ಅಡ್ಡಕ್ಕೆ ಉದ್ದವಾಗಿದೆ. ಎರಡು ಸ್ಟೇಪ್ಲರ್ ಪಿನ್ನು, ಎರಡಕ್ಕೂ ತುಕ್ಕು. ಅಕ್ಷರವೆಲ್ಲಾ ಟೈಪ್‌ರೈಟರಿನದು, ಕೆಲವು ಕಡೆ ಫೋಟೋದ ಮೇಲೇ ಹಾದುಹೋಗಿದೆ, ಓದಲು ಬರುವುದಿಲ್ಲ. ಮಾಡೆಲ್‌ಗಳೇ ಇಲ್ಲ. ಬೀದಿಯಲ್ಲಿ ಹೋಗುವವರನ್ನು ಗೋಡೆಗೆ ನಿಲ್ಲಿಸಿ ತೆಗೆದ ಫೋಟೋಗಳು, ಅಷ್ಟೇ.

ಅದರಲ್ಲೊಬ್ಬ ಹುಡುಗ ಇದ್ದಾನೆ. ತೆಳ್ಳಗೆ, ಹದಿನೆಂಟು ಇರಬಹುದು. ಕೋಟು ಅವನಿಗಿಂತ ದೊಡ್ಡದು. ತೋಳು ಎರಡು ಸಲ ಮಡಚಿದ್ದಾನೆ, ಒಳಗಿನ ಪಟ್ಟೆಪಟ್ಟೆ ಅಸ್ತರು ಹೊರಗೆ ಕಾಣುತ್ತದೆ. ಒಂದು ಬೂಟಿಗೆ ಬಿಳಿ ಲೇಸು, ಇನ್ನೊಂದಕ್ಕೆ ಕಪ್ಪು. ನಗುತ್ತಿಲ್ಲ, ಬಿಗುಮಾನವೂ ಇಲ್ಲ. ಸುಮ್ನೆ ನಿಂತಿದ್ದಾನೆ. ಮೂರು ದಿನದಿಂದ ಆ ಪುಟ ಮತ್ತೆ ಮತ್ತೆ ತೆಗೆಯುತ್ತಿದ್ದೇನೆ.

ನನಗೆ ಫ್ಯಾಷನ್ ಅಂದರೆ ಅಷ್ಟಕ್ಕಷ್ಟೇ. ಹಾಗಿದ್ದೂ ಇದು ಯಾಕೆ ಹಿಡಿದುಕೊಂಡಿತು? ಇದು ಯಾವ ಪತ್ರಿಕೆ ಇರಬಹುದು?

ರದ್ದಿರಾಯ
ಅಡ್ಡ ಆಕಾರ, ಪಿನ್ನು, ಟೈಪ್‌ರೈಟರು, ಗೋಡೆಗೆ ನಿಂತ ಜನ! ಸಾರ್, ನಿಮ್ಮ ಕೈಯಲ್ಲಿರುವುದು ಐ-ಡಿ ಪತ್ರಿಕೆಯ ಮೊದಮೊದಲ ಸಂಚಿಕೆ ಆಗಿದ್ದರೆ ದಯವಿಟ್ಟು ಆ ಪಿನ್ನು ಮುಟ್ಟಬೇಡಿ. 1980ರಲ್ಲಿ ಲಂಡನ್ನಿನಲ್ಲಿ ಶುರುವಾದ ಪತ್ರಿಕೆ. ಟೆರಿ ಜೋನ್ಸ್ ಮತ್ತು ಅವರ ಪತ್ನಿ ಟ್ರಿಷಿಯಾ ಶುರು ಮಾಡಿದ್ದು. ಆಗ ಬೆಲೆ 50 ಪೆನ್ಸ್. ಪತ್ರಿಕೆ ಅನ್ನುವುದಕ್ಕಿಂತ ಕೈಯಲ್ಲಿ ಪಿನ್ನು ಹೊಡೆದ ಕಾಗದದ ಕಟ್ಟು ಅನ್ನಬೇಕು.

ಚುಕ್ಕಿಗೆರೆ
ಸಾರ್ ಅಲ್ಲ, ಮೇಡಂ. ಪಿನ್ನು ಮುಟ್ಟಿಲ್ಲ.

ಬರೀಮಾತು
ಹಳೇ ಕಾಗದ ಕಂಡರೆ ಎಲ್ಲರಿಗೂ ಭಕ್ತಿ ಬರುತ್ತದೆ. ಅದೇ ಹುಡುಗನ ಫೋಟೋ ಇವತ್ತು ಫೋನಿನಲ್ಲಿ ಬಂದಿದ್ದರೆ ಅರ್ಧ ಸೆಕೆಂಡಿನಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಿದ್ದಿರಿ. ಇದು ತುಕ್ಕು ಹಿಡಿದ ಪಿನ್ನಿನ ಮಹಿಮೆ, ಬೇರೇನಿಲ್ಲ.

ಮೂರನೇಕಣ್ಣು
ಬರೀಮಾತು ಅವರೇ, ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಜಗಳ ಇದೆ.

ಆ ಥರದ ಫೋಟೋಗೆ ‘ಸ್ಟ್ರೇಟ್-ಅಪ್’ ಅನ್ನುತ್ತಾರೆ. ಐ-ಡಿಯ ಮೊದಲ ಸಂಚಿಕೆಗೆ ಸ್ಟೀವ್ ಜಾನ್‌ಸ್ಟನ್ ಅನ್ನುವ ಫೋಟೋಗ್ರಾಫರ್ ಲಂಡನ್ನಿನ ಕಿಂಗ್ಸ್ ರೋಡ್‌ನಲ್ಲಿ ತೆಗೆದಿದ್ದರು. ಪಂಕ್ ಸಂಗೀತದ ಹುಚ್ಚಿನ ಹುಡುಗರನ್ನು ಹತ್ತಿರದ ಗೋಡೆಗೆ ನಿಲ್ಲಿಸಿ ತಲೆಯಿಂದ ಬೂಟಿನವರೆಗೆ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು. ಕೇಳಲು ಸುಲಭ, ತೆಗೆಯಲು ಕಷ್ಟ. ಯಾಕೆ ಅಂದರೆ ಬಚ್ಚಿಡಲು ಏನೂ ಇಲ್ಲ. ಮಾಮೂಲಿ ಫ್ಯಾಷನ್ ಫೋಟೋದಲ್ಲಿ ಗಾಳಿ ಬೀಸುತ್ತಿರುತ್ತದೆ, ಮಾಡೆಲ್ ಎತ್ತಲೋ ನೋಡುತ್ತಿರುತ್ತಾಳೆ, ಬೆಳಕು ಬೇಡದ್ದನ್ನೆಲ್ಲಾ ನುಂಗಿಹಾಕುತ್ತದೆ. ಇಲ್ಲಿ ಸವೆದ ಬೂಟು ಸವೆದೇ ಕಾಣುತ್ತದೆ. ನಿಂತವನು ನಿಮ್ಮನ್ನೇ ನೋಡುತ್ತಾನೆ.

ಇದು ಐ-ಡಿ ಕಂಡುಹಿಡಿದದ್ದೂ ಅಲ್ಲ. ಜರ್ಮನಿಯಲ್ಲಿ ಆಗಸ್ಟ್ ಸ್ಯಾಂಡರ್ 1920ರ ದಶಕದಲ್ಲೇ ಇಟ್ಟಿಗೆ ಹೊರುವವನನ್ನು, ಪಾತ್ರೆ ಹಿಡಿದು ನಿಂತ ಬಾಣಸಿಗನನ್ನು ಹೀಗೇ ನೇರವಾಗಿ ನಿಲ್ಲಿಸಿ ತೆಗೆದಿದ್ದರು. ಸ್ಯಾಂಡರ್ ತೋರಿಸಿದ್ದು ಅವರು ಮಾಡುವ ಕೆಲಸವನ್ನು. ಐ-ಡಿಯ ಹುಡುಗರದು ಹಾಗಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಏನು ತೀರ್ಮಾನ ಮಾಡಿದರೋ ಅದೇ ಫೋಟೋದಲ್ಲಿ ಇರುತ್ತದೆ.

ಸುಮ್ನಿರಪ್ಪ
ನಾನು ಬೆಳಿಗ್ಗೆ ಕನ್ನಡಿ ಮುಂದೆ ತೀರ್ಮಾನ ಮಾಡುವುದು ಒಂದೇ: ಇಸ್ತ್ರಿ ಬೇಕಾ ಬೇಡ್ವಾ.

ನಿದ್ದೆಗೇಡಿ
ಐ-ಡಿ ಅಂದರೆ ಮುಖಪುಟದಲ್ಲಿ ಕಣ್ಣು ಹೊಡೆಯುತ್ತಾರಲ್ಲ, ಅದೇ ಅಲ್ವಾ? ಮೊದಲ ಸಂಚಿಕೆಯಿಂದಲೂ ಹಾಗೇ ಅಂತ ಎಲ್ಲೋ ಓದಿದ್ದೆ.

ರದ್ದಿರಾಯ
ಅದೇ ಪತ್ರಿಕೆ. ಆದರೆ ಮೊದಲ ಸಂಚಿಕೆಯಿಂದ ಅಲ್ಲ ತಮ್ಮಾ. ಮೊದಲನೆಯದರ ಮುಖಪುಟದಲ್ಲಿ ಮುಖವೇ ಇರಲಿಲ್ಲ, ಬರೀ ಹೆಸರು. ಕಣ್ಣು ಹೊಡೆಯುವುದು ಆಮೇಲೆ ಬಂದದ್ದು, ಬಂದ ಮೇಲೆ ಹೋಗಲಿಲ್ಲ. ಯಾರೇ ಬರಲಿ, ಒಂದು ಕಣ್ಣು ಮುಚ್ಚಬೇಕು. ಕೂದಲಿನಿಂದಲೋ ಕೈಯಿಂದಲೋ ಟೋಪಿಯಿಂದಲೋ, ಅವರಿಷ್ಟ. ಮಡೋನಾ ಇನ್ನೂ ದೊಡ್ಡ ಹೆಸರಾಗುವ ಮೊದಲೇ, 1984ರಲ್ಲಿ ಹೀಗೆ ಕಣ್ಣು ಹೊಡೆದಿದ್ದರು.

ಯಾಕೆ ಗೊತ್ತಾ? ಇಂಗ್ಲಿಷಿನಲ್ಲಿ ಸಣ್ಣ ಐ, ಒಂದು ಅಡ್ಡಗೆರೆ, ದೊಡ್ಡ ಡಿ ಬರೆಯಿರಿ. ಕಾಗದವನ್ನು ಬಲಕ್ಕೆ ತಿರುಗಿಸಿ. ಐ ಮಲಗಿಕೊಳ್ಳುತ್ತದೆ: ಗೆರೆ ಮುಚ್ಚಿದ ಕಣ್ಣು, ಚುಕ್ಕಿ ತೆರೆದ ಕಣ್ಣು. ಅಡ್ಡಗೆರೆ ಎದ್ದು ನಿಂತು ಮೂಗಾಗುತ್ತದೆ. ಡಿ ಅಂಗಾತ ಬಿದ್ದು ನಗುವ ಬಾಯಿ.

ನಿದ್ದೆಗೇಡಿ
ಈಗಷ್ಟೇ ಬರೆದು ತಿರುಗಿಸಿದೆ. ಅಯ್ಯೋ! ಇಷ್ಟು ವರ್ಷ ಕಂಡೇ ಇರಲಿಲ್ಲ.

ಸುಮ್ನಿರಪ್ಪ
ನಾನು ಫೋನನ್ನೇ ತಿರುಗಿಸಿದೆ. ಪರದೆಯೂ ಜೊತೆಗೆ ತಿರುಗಿತು.

ಅಚ್ಚುಮೊಳೆ
ಮುದ್ರಣದ ಕಡೆಯಿಂದ ಎರಡು ಮಾತು. ‘ಓದಲು ಬರುವುದಿಲ್ಲ’ ಅಂದಿರಲ್ಲ, ಅದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ. ಟೆರಿ ಜೋನ್ಸ್ ಅದಕ್ಕೂ ಮೊದಲು ಬ್ರಿಟಿಷ್ ವೋಗ್ ಅನ್ನುವ ನುಣುಪು ಫ್ಯಾಷನ್ ಪತ್ರಿಕೆಯಲ್ಲಿ ಕಲಾ ನಿರ್ದೇಶಕರಾಗಿದ್ದವರು, 1972ರಿಂದ 1977ರವರೆಗೆ. ಅಕ್ಷರ ಸಾಲಾಗಿ ಕೂರಿಸುವುದು, ಅಂಚು ಬಿಡುವುದು ಎಲ್ಲಾ ನೀರು ಕುಡಿದಷ್ಟು ಸುಲಭ ಅವರಿಗೆ. ಗೊತ್ತಿದ್ದೇ ಕೆಡಿಸಿದರು. ಬೀದಿಯಲ್ಲಿ ಹುಡುಗರು ವಾರಕ್ಕೊಂದು ಥರ ಕಾಣುತ್ತಿದ್ದಾಗ ತಿಂಗಳುಗಟ್ಟಲೆ ಪುಟ ತಿದ್ದುತ್ತಾ ಕೂತರೆ ಹಳಸಿಹೋಗುತ್ತದೆ. ಟೈಪ್‌ರೈಟರು, ಕೊರೆಯಚ್ಚು, ಕೈಬರಹ, ಜೆರಾಕ್ಸ್, ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಮುಗಿಸುವುದು.

ನಾನು ಒಂದು ಸಣ್ಣ ಅಚ್ಚುಮನೆಯಲ್ಲಿ ಕೆಲಸ ಕಲಿತವನು. ಒಮ್ಮೆ ಬಣ್ಣದ ಪ್ಲೇಟು ಕೂದಲೆಳೆಯಷ್ಟು ಜಾರಿ, ಒಂದು ಪುಸ್ತಕದ ಮುಖಪುಟದಲ್ಲಿ ಎಲ್ಲರ ತುಟಿಯೂ ಗಲ್ಲಕ್ಕೆ ಇಳಿದಿತ್ತು. ಯಜಮಾನರು ಅಷ್ಟನ್ನೂ ಮತ್ತೆ ಮುದ್ರಿಸು ಅಂದರು. ರಾತ್ರಿಯಿಡೀ ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಎಷ್ಟೋ ವರ್ಷಕ್ಕೆ ಈ ಥರದ ಪತ್ರಿಕೆ ನೋಡಿದಾಗ ಹೊಟ್ಟೆ ಉರಿಯಿತು. ಅಲ್ಲಿ ಜಾರಿದ ಬಣ್ಣಕ್ಕೆ ಚಪ್ಪಾಳೆ, ನನಗೆ ಬೈಗುಳ!

ಬರೀಮಾತು
ಅದನ್ನೇ ನಾನೂ ಹೇಳುತ್ತಿರುವುದು. ಬಡವ ಮಾಡಿದರೆ ತಪ್ಪು, ವೋಗ್‌ನಿಂದ ಬಂದವನು ಮಾಡಿದರೆ ಕಲೆ.

ಅಚ್ಚುಮೊಳೆ
ಇಲ್ಲ, ನೀವು ನನ್ನ ಮಾತನ್ನು ಎಳೆದಾಡುತ್ತಿದ್ದೀರಿ. ನಮ್ಮ ಪುಸ್ತಕ ಕೊಳ್ಳುವವನಿಗೆ ತುಟಿ ತುಟಿಯ ಜಾಗದಲ್ಲೇ ಬೇಕಿತ್ತು, ಅವನಿಗೆ ಆ ಮಾತು ಕೊಟ್ಟಿದ್ದೆವು. ಇವರು ಆ ಮಾತನ್ನೇ ಕೊಟ್ಟಿರಲಿಲ್ಲ.

ನೋಡಿ, ವಿಚಿತ್ರವಾಗಿರುವುದಕ್ಕೆ ದುಡ್ಡು ಸುರಿದವರೂ ಇದ್ದಾರೆ. ಅಮೆರಿಕದಲ್ಲಿ 1950ರಲ್ಲಿ ಫ್ಲೇರ್ ಅಂತ ಒಂದು ಪತ್ರಿಕೆ ಬಂತು, ಸಂಪಾದಕಿ ಫ್ಲರ್ ಕೌಲ್ಸ್. ಮುಖಪುಟದಲ್ಲಿ ಕಿಟಕಿಯ ಹಾಗೆ ಕತ್ತರಿಸಿದ ತೂತು, ಅದರೊಳಗಿಂದ ಒಳಪುಟ ಇಣುಕುತ್ತದೆ. ಮಡಚುವ ಪುಟ, ಬೇರೆಬೇರೆ ಅಳತೆಯ ಪುಟ. ಬಹಳ ಚೆನ್ನಾಗಿತ್ತು. ಆದರೆ ಖರ್ಚು ಮೈಮೇಲೆ ಬಂದು 1951ರ ಜನವರಿಗೆ ಮುಚ್ಚಿತು. ಒಟ್ಟು 12 ಸಂಚಿಕೆ. ಎರಡು ಪಿನ್ನಿನ ಐ-ಡಿ ದಶಕಗಟ್ಟಲೆ ಬದುಕಿತು.

ಹಾಳೆಹುಳು
ನನಗೆ ಇಂಥ ಪತ್ರಿಕೆಯಲ್ಲಿ ಇಷ್ಟವಾಗುವುದು ಫೋಟೋಗಿಂತ ಅದರ ಕೆಳಗಿನ ಸಾಲು. ಮಾಮೂಲಿ ಪತ್ರಿಕೆಯಲ್ಲಿ ಫೋಟೋ ಕೆಳಗೆ ಏನಿರುತ್ತದೆ? ಅಂಗಿ ಇಂಥ ಕಂಪನಿ, ಬೆಲೆ ಇಷ್ಟು. ಹಾಕಿಕೊಂಡವಳ ಹೆಸರು ಕೂಡ ಇರುವುದಿಲ್ಲ! ಐ-ಡಿಯಲ್ಲಿ ಬಟ್ಟೆ ಎಲ್ಲಿಂದ ಬಂತು, ಯಾವ ಹಾಡು ಇಷ್ಟ ಅಂತ ನಿಂತವರನ್ನೇ ಕೇಳುತ್ತಿದ್ದರು.

ಜಪಾನಿನ ಫ್ರೂಟ್ಸ್ ಪತ್ರಿಕೆಯೂ ಹಾಗೇ. ಶೋಯಿಚಿ ಅಓಕಿ 1997ರಲ್ಲಿ ಶುರು ಮಾಡಿದ್ದು. ಟೋಕಿಯೊದ ಹರಾಜುಕು ಬೀದಿಯ ಹುಡುಗ ಹುಡುಗಿಯರು, ಪುಟಕ್ಕೊಂದೇ ದೊಡ್ಡ ಫೋಟೋ, ಕೆಳಗೆ ವಯಸ್ಸು, ಏನು ಮಾಡುತ್ತಾರೆ, ಯಾವ ಬಟ್ಟೆ ಎಲ್ಲಿಯದು. ಎಷ್ಟೋ ಕಡೆ ತಾನೇ ಹೊಲಿದದ್ದು ಅಂತ ಇರುತ್ತದೆ. ಅದು ಓದಿದಾಗಲೆಲ್ಲಾ ಮತ್ತೆ ಮೇಲೆ ಫೋಟೋ ನೋಡುತ್ತೇನೆ. ಯಾವ ಹೊಲಿಗೆ ಅವಳದು, ಎಲ್ಲಿ ಕೈ ಜಾರಿದೆ ಅಂತ.

ನಿದ್ದೆಗೇಡಿ
ಫ್ರೂಟ್ಸ್ ನಿಂತುಹೋಯಿತಲ್ವಾ?

ಹಾಳೆಹುಳು
ಹೌದು, 2017ರಲ್ಲಿ, 233 ಸಂಚಿಕೆ ಆದ ಮೇಲೆ. ಫೋಟೋ ತೆಗೆಯುವಂಥ ಹುಡುಗರೇ ಈಗ ಬೀದಿಯಲ್ಲಿ ಸಿಗುತ್ತಿಲ್ಲ ಅನ್ನುವುದು ಅಓಕಿ ಕೊಟ್ಟ ಕಾರಣ. ಓದುಗರು ಕಡಿಮೆಯಾದರು ಅಂತ ಎಲ್ಲರೂ ನಿಲ್ಲಿಸುತ್ತಾರೆ. ಎದುರಿಗೆ ನಿಲ್ಲುವವರೇ ಇಲ್ಲ ಅಂತ ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬರೀಮಾತು
ಯಾಕೆ ಸಿಗುತ್ತಿಲ್ಲ? ಎಲ್ಲರೂ ಫೋನಿನಲ್ಲಿ ತಮ್ಮ ಫೋಟೋ ತಾವೇ ಹಾಕಿಕೊಳ್ಳುತ್ತಿದ್ದಾರೆ. ಪತ್ರಿಕೆಯವನ ಅಪ್ಪಣೆ ಯಾರಿಗೆ ಬೇಕು? ಒಳ್ಳೆಯದೇ ಆಯಿತು.

ಮೂರನೇಕಣ್ಣು
ತನ್ನ ಫೋಟೋ ತಾನೇ ತೆಗೆಯುವುದಕ್ಕೂ, ಇನ್ನೊಬ್ಬ ಬೀದಿಯಲ್ಲಿ ತಡೆದು ‘ಒಂದು ನಿಮಿಷ ನಿಲ್ಲು’ ಅನ್ನುವುದಕ್ಕೂ ವ್ಯತ್ಯಾಸ ಇಲ್ವಾ? ಮೊದಲನೆಯದರಲ್ಲಿ ಇಪ್ಪತ್ತು ತೆಗೆದು ಹತ್ತೊಂಬತ್ತು ಅಳಿಸುತ್ತೇವೆ. ಎರಡನೆಯದರಲ್ಲಿ ಆ ಹತ್ತೊಂಬತ್ತರಲ್ಲಿ ಒಂದು ಬರುತ್ತದೆ.

ನ್ಯೂಯಾರ್ಕಿನ ಬಿಲ್ ಕನ್ನಿಂಗ್‌ಹ್ಯಾಮ್ ಗೊತ್ತಲ್ಲ? ನೀಲಿ ಕೂಲಿಕೋಟು ಹಾಕಿಕೊಂಡು, ಸೈಕಲ್ ಮೇಲೆ ಬೀದಿ ಸುತ್ತಿ ಜನರ ಬಟ್ಟೆಯ ಫೋಟೋ ತೆಗೆಯುತ್ತಿದ್ದವರು. 1978ರಲ್ಲಿ ಒಬ್ಬ ಹೆಂಗಸಿನ ಫೋಟೋ ತೆಗೆದರು. ಆಕೆ ಗ್ರೇಟಾ ಗಾರ್ಬೊ. ಇವರು ತೆಗೆದದ್ದು ನಟಿ ಅಂತ ಅಲ್ಲ, ಆಕೆಯ ಕೋಟಿನ ಭುಜದ ಕತ್ತರಿ ಚೆನ್ನಾಗಿದೆ ಅಂತ! ಮುಖ ಆಮೇಲೆ ಗೊತ್ತಾಯಿತು.

ಕಾಜಾಗುಂಡಿ
ಇಷ್ಟೊತ್ತು ಸುಮ್ಮನಿದ್ದೆ, ಭುಜದ ಮಾತು ಬಂತು, ಇನ್ನು ತಡೆಯಲಾರೆ. ನಾನು ಹೊಲಿಗೆಯವಳು. ಕೋಟಿನಲ್ಲಿ ಭುಜ ಕೂತರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಜಗತ್ತಿನ ದೊಡ್ಡ ನಟಿ ಎದುರಿಗೆ ಬಂದರೂ ಭುಜ ನೋಡಿದರಲ್ಲ, ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ.

ಚುಕ್ಕಿಗೆರೆ, ನಿಮ್ಮ ಹುಡುಗನ ಕೋಟಿನ ಭುಜದ ಹೊಲಿಗೆ ಎಲ್ಲಿದೆ? ಗುಂಡಿ ಯಾವ ಕಡೆ ಇದೆ?

ಚುಕ್ಕಿಗೆರೆ
ಹೊಲಿಗೆ ಭುಜ ದಾಟಿ ಕೆಳಗೆ ಜಾರಿದೆ, ಎರಡು ಬೆರಳಷ್ಟು. ಗುಂಡಿ... ನಿಲ್ಲಿ ಅಕ್ಕ, ಭೂತಕನ್ನಡಿ ತರುತ್ತೇನೆ.

ಬರೀಮಾತು
ಫ್ಯಾಷನ್ ಪತ್ರಿಕೆಯ ಚರ್ಚೆ ಈಗ ಪೊಲೀಸ್ ತನಿಖೆ ಆಯಿತು. ಇರಲಿ, ನನ್ನ ದೂರು ಬೇರೆ. ಇವೆಲ್ಲಾ ಮೊದಲು ಬೀದಿ ಅಂತಾರೆ, ಹತ್ತು ವರ್ಷಕ್ಕೆ ಅಂಗಡಿ ಸೇರುತ್ತವೆ. ನ್ಯೂಯಾರ್ಕಿನ ವಿಷನೇರ್ 1991ರಲ್ಲಿ ಹೊಸ ಥರದ ಪತ್ರಿಕೆ ಅಂತ ಬಂತು. 1996ರ ಹೊತ್ತಿಗೆ ಅದರ 18ನೇ ಸಂಚಿಕೆ ಲೂಯಿ ವಿಟಾನ್ ಅನ್ನುವ ದುಬಾರಿ ಕಂಪನಿಯ ಚೀಲದಲ್ಲಿ ಹೊರಬಿತ್ತು. ಇದು ಪತ್ರಿಕೆಯೋ, ಸಾಮಾನೋ? ಐ-ಡಿಯನ್ನೂ 2012ರಲ್ಲಿ ವೈಸ್ ಅನ್ನುವ ಮಾಧ್ಯಮ ಕಂಪನಿ ಕೊಂಡಿತು. 2023ರಲ್ಲಿ ಆ ಕಂಪನಿಯೇ ದಿವಾಳಿ ಎದ್ದು, ಐ-ಡಿ ಕೊನೆಗೆ ಕಾರ್ಲಿ ಕ್ಲಾಸ್ ಕೈಗೆ ಹೋಯಿತು. ಅವರು ಯಾರು? ಮಾಡೆಲ್! ಮಾಡೆಲ್ ಬೇಡ ಅಂತ ಶುರುವಾದದ್ದು ಮಾಡೆಲ್ ಮನೆ ಸೇರಿತು.

ರದ್ದಿರಾಯ
ಇದನ್ನು ಮಾತ್ರ ಚೆನ್ನಾಗಿ ಹೇಳಿದಿರಿ. ಇದಕ್ಕಿಂತ ತಮಾಷೆ ಇನ್ನೊಂದಿದೆ. ಎಡ್ವರ್ಡ್ ಎನ್ನಿನ್‌ಫುಲ್ 18ನೇ ವಯಸ್ಸಿಗೇ ಐ-ಡಿಯ ಫ್ಯಾಷನ್ ನಿರ್ದೇಶಕ ಆದವರು. 2017ರಲ್ಲಿ ಅವರು ಎಲ್ಲಿಗೆ ಸಂಪಾದಕರಾಗಿ ಹೋದರು? ಬ್ರಿಟಿಷ್ ವೋಗ್‌ಗೆ. ಟೆರಿ ಜೋನ್ಸ್ ಬಿಟ್ಟುಬಂದ ಮನೆಗೇ!

ಆದರೆ ಇದನ್ನು ಸೋಲು ಅನ್ನಬೇಕಾ? ಕಾಲೇಜು ಮುಗಿಸದ ಹುಡುಗನ ಕೈಗೆ ಅಷ್ಟು ದೊಡ್ಡ ಕೆಲಸ ಕೊಡುವ ಧೈರ್ಯ ನುಣುಪು ಪತ್ರಿಕೆಗಳಿಗೆ ಇತ್ತಾ? ನಿಕ್ ನೈಟ್‌ ಕಥೆಯೂ ಹಾಗೇ. ಐ-ಡಿಯ ಐದನೇ ವರ್ಷಕ್ಕೆ, 1985ರಲ್ಲಿ, 100 ಜನರ ಭಾವಚಿತ್ರ ತೆಗೆಯುವ ಕೆಲಸ ಅವರಿಗೆ ಸಿಕ್ಕಿತು. ಆಗ ಇನ್ನೂ ಹೊಸಬರು.

ಹಾಳೆಹುಳು
ನಿಕ್ ನೈಟ್ ಅಂದಾಗ ನೆನಪಾಯಿತು. 1998ರಲ್ಲಿ ಡೇಜ್ಡ್ ಆ್ಯಂಡ್ ಕನ್‌ಫ್ಯೂಸ್ಡ್ ಪತ್ರಿಕೆಯ ಒಂದು ಸಂಚಿಕೆಗೆ ಡಿಸೈನರ್ ಅಲೆಗ್ಸಾಂಡರ್ ಮೆಕ್‌ಕ್ವೀನ್ ಅತಿಥಿ ಸಂಪಾದಕ, ಫೋಟೋ ನಿಕ್ ನೈಟ್. ಮುಖಪುಟದಲ್ಲಿ ಏಮಿ ಮಲಿನ್ಸ್, ಎರಡೂ ಕಾಲು ಮಂಡಿಯ ಕೆಳಗೆ ಇಲ್ಲದ ಓಟಗಾರ್ತಿ. ಅದೇ ತಿಂಗಳು ಮೆಕ್‌ಕ್ವೀನ್ ಶೋನಲ್ಲಿ ಮರದಲ್ಲಿ ಕೆತ್ತಿದ ಕಾಲು ಹಾಕಿಕೊಂಡು ನಡೆದರು. ಬಳ್ಳಿ ಕೆತ್ತನೆ ನೋಡಿ ಎಷ್ಟೋ ಜನ ಬೂಟು ಅಂದುಕೊಂಡರಂತೆ.

ನನ್ನ ಚಿಕ್ಕಮ್ಮನಿಗೆ ಒಂದು ಕಾಲು ಚಿಕ್ಕದು. ಜೀವಮಾನವಿಡೀ ಕಾಲು ಮುಚ್ಚುವ ಬಟ್ಟೆಯನ್ನೇ ಹುಡುಕಿದರು. ಆ ಫೋಟೋಗಳನ್ನು ತೋರಿಸಿದೆ. ತುಂಬಾ ಹೊತ್ತು ನೋಡಿ, ‘ಕೆತ್ತಿದವನ ಕೈ ಚೆನ್ನಾಗಿದೆ’ ಅಂದರು, ಅಷ್ಟೇ. ಪತ್ರಿಕೆ ಮಾತ್ರ ವಾಪಸ್ ಕೊಟ್ಟಿಲ್ಲ.

ಬರೀಮಾತು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮುಂದುವರಿಸಿ.

ಚುಕ್ಕಿಗೆರೆ
ಬಂದೆ. ಭೂತಕನ್ನಡಿಯಲ್ಲಿ ನೋಡಿದೆ. ಗುಂಡಿಗಳು ಅವನ ಎಡಗಡೆ ಇವೆ, ಕಾಜಾ ಬಲಗಡೆ.

ಕಾಜಾಗುಂಡಿ
ಅಂದುಕೊಂಡಿದ್ದೆ! ಅದು ಹೆಂಗಸರ ಕೋಟು. ಗಂಡಸರದ್ದಾದರೆ ಗುಂಡಿ ಹಾಕಿಕೊಂಡವರ ಬಲಗಡೆ ಇರುತ್ತದೆ.

ಮೂರನೇಕಣ್ಣು
ಒಂದು ನಿಮಿಷ. ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ದರೂ ಗುಂಡಿ ಆ ಕಡೆಗೆ ಹೋಗುತ್ತದೆ. ಅವಸರದ ಪತ್ರಿಕೆ ಅಂದಿರಲ್ಲ. ಫೋಟೋದಲ್ಲಿ ಎಲ್ಲಾದರೂ ಅಕ್ಷರ ಇದೆಯಾ ನೋಡಿ.

ಚುಕ್ಕಿಗೆರೆ
ಎದೆ ಮೇಲೆ ಒಂದು ಬ್ಯಾಡ್ಜ್ ಇದೆ. ಅಕ್ಷರ ಸರಿಯಾಗೇ ಇದೆ, ಉಲ್ಟಾ ಇಲ್ಲ.

ಕಾಜಾಗುಂಡಿ
ಹಾಗಾದರೆ ಮುಗಿಯಿತು. ಹೆಂಗಸರ ಕೋಟೇ. ನಿಮ್ಮನ್ನು ಮೂರು ದಿನ ಕಾಡಿದ್ದು ಇದೇ ಇರಬೇಕು. ಕಣ್ಣಿಗೆ ಏನೋ ಬೇರೆ ಅಂತ ಗೊತ್ತಾಗುತ್ತದೆ, ಯಾವುದು ಅಂತ ಗೊತ್ತಾಗುವುದಿಲ್ಲ.

ರದ್ದಿರಾಯ
ಪತ್ರಿಕೆ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ, ಮರೆಯಬೇಡಿ. ಐ-ಡಿಯೇ ಅಂತ ನಾನು ಆಣೆ ಮಾಡಲಾರೆ. ಆ ಕಾಲದಲ್ಲಿ ಪಿನ್ನು ಹೊಡೆದು ಹಂಚಿದ ಸಣ್ಣ ಪತ್ರಿಕೆಗಳು ಲೆಕ್ಕವಿಲ್ಲದಷ್ಟು. ಫೋಟೋ ಪಕ್ಕದ ಸಾಲಿನಲ್ಲಿ ಊರಿನ ಹೆಸರೇನಾದರೂ ಸಿಗುತ್ತದಾ?

ಅಚ್ಚುಮೊಳೆ
ಮೇಡಂ, ಕಪ್ಪಿನ ಮೇಲೆ ಬಿದ್ದ ಟೈಪ್ ಓದಲು ಒಂದು ಉಪಾಯ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ನೆಲಕ್ಕೆ ಸಮವಾಗಿ ಹಿಡಿಯಿರಿ. ಮೇಲಿಂದ ಬೇಡ. ಹಾಳೆಯನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತಾ ಬನ್ನಿ. ಒಂದರ ಮೇಲೊಂದು ಬಿದ್ದ ಶಾಯಿ ಬೇರೆ ಥರ ಹೊಳೆಯುತ್ತದೆ.

ಸುಮ್ನಿರಪ್ಪ
ನಾನು ಇಸ್ತ್ರಿ ಬಿಟ್ಟು ಕಾಯುತ್ತಿದ್ದೇನೆ.

ಚುಕ್ಕಿಗೆರೆ
ಓದಿದೆ!! ಪತ್ರಿಕೆಯ ಹೆಸರಿಲ್ಲ, ಊರಿಲ್ಲ. ಹುಡುಗನ ಹೆಸರಿನ ಜಾಗದಲ್ಲಿ ಮಸಿ. ಕನ್ನಡಕ್ಕೆ ತಂದರೆ ಇಷ್ಟು: ‘ಬೂಟು ನನ್ನದು. ಲೇಸು ಸಿಕ್ಕಿದ್ದು. ಕೋಟು ಸಿಸ್ಟರ್‌ದು, ಅವಳಿಗೆ ಗೊತ್ತಿಲ್ಲ.’

ನಿದ್ದೆಗೇಡಿ
ಹಹ್ಹಹ್ಹಾ! ಪತ್ರಿಕೆ ಅಚ್ಚಾದ ದಿನ ಗೊತ್ತಾಗಿರುತ್ತದೆ.

ಹಾಳೆಹುಳು
ಸಿಸ್ಟರ್ ಅಂದರೆ ಅಕ್ಕನೋ ತಂಗಿಯೋ? ಇಂಗ್ಲಿಷಿನವರದು ಇದೇ ಕಷ್ಟ.

ಕಾಜಾಗುಂಡಿ
ಅಕ್ಕನೇ. ತಂಗಿಯ ಕೋಟಿನ ಭುಜ ಎರಡು ಬೆರಳು ಕೆಳಗೆ ಇಳಿಯುತ್ತಾ?

ಬರೀಮಾತು
ತಂಗಿ ದಪ್ಪಗಿರಬಾರದಾ?